ಡಬ್ಬಿಯೊಳಗಿನ ಹತ್ತಿ

ಬಾಗಲಕೋಟೆ ಜಿಲ್ಲೆಯ ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಇದ್ದವರಿಗೆ ಗುಳಿಗೆ ಕೊಡುವಲ್ಲಿ, ಕೌನ್ಸೆಲರ್ ಆಗಿ ಸೇರಿದ ಹೊಸತರಲ್ಲಿ ನನಗೆ ಗೊತ್ತಿದ್ದದ್ದು ಗುಳಿಗೆ ಎಣಿಸುವುದು ಮಾತ್ರ. ತಿಂಗಳಿಗೆ 30. ಶೇ 95ಕ್ಕಿಂತ ಕಡಿಮೆ ನುಂಗಿದ್ದರೆ ಬುದ್ಧಿವಾದ. ಒಬ್ಬಾಕೆ 11 ಉಳಿಸಿಕೊಂಡು ಬಂದಾಗಲೂ ಅದನ್ನೇ ಮಾಡಿದೆ. ‘ಹೂಂ ರೀ ಅಕ್ಕಾರ’ ಅಂದು ಹೋದವಳು ಎರಡು ತಿಂಗಳು ಇತ್ತ ಸುಳಿಯಲಿಲ್ಲ.

ಮತ್ತೆ ಬಂದಾಗ ಅರ್ಧ ಇಳಿದುಹೋಗಿದ್ದಳು. ಅವತ್ತು ಡಬ್ಬಿಯನ್ನು ಸರಿಯಾಗಿ ನೋಡಿದೆ. ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಿದ್ದಳು, ಒಳಗೆ ಹತ್ತಿ ತುರುಕಿದ್ದಳು. ‘ಗುಳಿಗಿ ಸಪ್ಪಳ ಮಾಡ್ತಾವ್ರೀ, ಅತ್ತಿ ಏನದು ಅಂತ ಕೇಳ್ತಾರ.’ ಮನೆಗೆ ಬೀಗರು ಬಂದ ದಿನ ಡಬ್ಬಿ ತೆಗೆಯುವಂತೆಯೇ ಇರಲಿಲ್ಲ. ನಾನು ಅದನ್ನು ಮರೆವು ಅಂತ ಬರೆದುಕೊಂಡಿದ್ದೆ!

‘ಬೇಜಾರ ಆಗೇತೇನು’ ಅಂದರೆ ಎಲ್ಲರೂ ‘ಆರಾಮ ಅದೀನ್ರಿ’ ಅನ್ನುತ್ತಾರೆ. ಖಿನ್ನತೆ ಅನ್ನುವುದು ಪೇಪರಿನ ಮಾತು. ಹಾಗಾಗಿ ಬೇರೆ ಕೇಳಿದೆ: ನಸುಕಿನ್ಯಾಗ ಎಷ್ಟಕ್ಕ ಎಚ್ಚರ ಆಗ್ತದ? ಮನ್ಯಾಗ ರೊಟ್ಟಿ ಯಾರು ಬಡೀತಾರ? ‘ಎಂಟು ದಿನಾತು ರೊಟ್ಟಿ ಬಡದಿಲ್ರಿ. ಒಂದಿಷ್ಟು ಅನ್ನ ಇಟ್ಟು ಬಿದ್ಕೋತೀನಿ.’ ನಮ್ಮ ಕಡೆಯ ಹೆಣ್ಣುಮಗಳು ರೊಟ್ಟಿ ಬಿಟ್ಟಳೆಂದರೆ ಮನಸ್ಸು ಎಲ್ಲಿಗೆ ಇಳಿದಿದೆ ಅಂತ ಫಾರ್ಮ್ ತುಂಬಿಸಿ ನೋಡಬೇಕಿಲ್ಲ.

‘ಜೀವ ಬ್ಯಾಡ ಅನಸ್ತದೇನವ್ವಾ?’ ಅಂತ ಕೇಳಲು ನನಗೇ ಅಂಜಿಕೆ, ಇಲ್ಲದ್ದನ್ನು ತಲೆಗೆ ಹಾಕಿದಂತೆ ಆದೀತು ಅಂತ. ಹಾಗೇನೂ ಆಗುವುದಿಲ್ಲ, ಕೇಳಿದರೇ ಎದೆ ಹಗುರಾಗುತ್ತದೆ. ‘ಒಮ್ಮೊಮ್ಮೆ ಅನಸ್ತದ್ರಿ’ ಅಂದಳು, ಅತ್ತಳು. ‘ಹುಚ್ಚರ ಡಾಕ್ಟರ್ ಕಡೆ ಒಯ್ಯಬ್ಯಾಡ್ರಿ’ ಅಂತ ಹಟ ಹಿಡಿದರೂ ಅವತ್ತೇ ಮನೋವೈದ್ಯರ ಹತ್ತಿರ ಜೊತೆಗೇ ಹೋದೆ. ಆಮೇಲೆ ಮನೋಚೈತನ್ಯ ಯೋಜನೆಯಲ್ಲಿ ತಜ್ಞರು ತಾಲ್ಲೂಕು ಆಸ್ಪತ್ರೆಗೆ ಬರುವ ಮಂಗಳವಾರ ತೋರಿಸಿಕೊಂಡಳು. ಅಲ್ಲಿ ಕೆಮ್ಮಿನವರು, ಮೊಣಕಾಲು ನೋವಿನವರು ಎಲ್ಲರ ಜೊತೆ ಕೂತಿದ್ದರೆ ಯಾಕೆ ಬಂದಿ ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು ಪಾಠ: ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬಾರದು. ಆಗ ಕೊಡುತ್ತಿದ್ದ ಗುಳಿಗೆಯಲ್ಲಿ ಎಫಾವಿರೆಂಜ್ ಅನ್ನುವ ಎಚ್‌ಐವಿ ಔಷಧ ಇತ್ತು. ಅದರಿಂದ ತಲೆ ತಿರುಗುವುದು, ಕೆಟ್ಟ ಕನಸು, ಕೆಲವರಿಗೆ ಮನಸ್ಸೇ ಕುಗ್ಗುವುದು ಇದ್ದದ್ದೇ. ‘ಕನಸಿನ್ಯಾಗ ಸತ್ತವ್ರು ಕರೀತಾರ’ ಅನ್ನುತ್ತಿದ್ದಳು. ನಮ್ಮ ಡಾಕ್ಟರ್ ಗುಳಿಗೆ ಬದಲಿಸಿದರು. ಈಗಿನ ಡೊಲುಟೆಗ್ರಾವಿರ್ ಗುಳಿಗೆಯನ್ನು ಬೆಳಿಗ್ಗೆಯೂ ನುಂಗಬಹುದು. ಆಕೆ ಎಮ್ಮೆ ಹಿಂಡುವ ಹೊತ್ತಿಗೆ ದನದ ಕೊಟ್ಟಿಗೆಯಲ್ಲೇ ನುಂಗುತ್ತಾಳೆ. ಅತ್ತೆ ಅಷ್ಟು ಹೊತ್ತಿಗೆ ಅಲ್ಲಿಗೆ ಬರುವುದಿಲ್ಲ.

ರಾತ್ರಿ ಎದೆ ಬಡಿದುಕೊಂಡರೆ ಇರಲಿ ಅಂತ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ನಂಬರನ್ನು ‘ಬಳೆ ಅಂಗಡಿ’ ಅಂತ ಆಕೆಯ ಫೋನಿನಲ್ಲಿ ಸೇವ್ ಮಾಡಿಕೊಟ್ಟೆ. ನಾನು ಫೋನ್ ಮಾಡಿದರೂ ಆಕೆಯೇ ಎತ್ತಿದಳು ಅಂತ ಖಾತ್ರಿಯಾಗುವ ತನಕ ಆಸ್ಪತ್ರೆಯ ಹೆಸರು ಎತ್ತುವುದಿಲ್ಲ. ಒಪ್ಪಿಗೆ ಇಲ್ಲದೆ ಯಾರ ಎಚ್‌ಐವಿ ವಿಷಯವನ್ನೂ ಬಯಲು ಮಾಡುವಂತಿಲ್ಲ ಅಂತ 2017ರ ಕಾಯ್ದೆಯೇ ಇದೆ, ಆದರೆ ಊರಿನ ಓಣಿಗೆ ಕಾಯ್ದೆ ಗೊತ್ತಿಲ್ಲ.

ಮೊನ್ನೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಹೇಳುವ ವೈರಲ್ ಲೋಡ್ ರಿಪೋರ್ಟ್ ಬಂತು, ವೈರಸ್ ಕಾಣಿಸಿಲ್ಲ. ಹೊಸ ಡಬ್ಬಿ ಕೈಗೆ ಕೊಟ್ಟೆ. ನನ್ನೆದುರೇ ಚೀಟಿ ಕೆರೆದು, ಸಂಚಿಯಿಂದ ಹತ್ತಿ ತೆಗೆದು ತುರುಕಿದಳು. ನಾನು ಬೇಡ ಅನ್ನಲಿಲ್ಲ.