ಸೋಗಾನೆಯಿಂದ ದೇವನಹಳ್ಳಿಗೆ ಎಷ್ಟೊತ್ತು?

ಶಿವಮೊಗ್ಗದಲ್ಲಿ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ. ಮೊದಲೆಲ್ಲ ಬಸ್ಸು, ರೈಲು, ಅಷ್ಟೇ. 2023ರ ಆಗಸ್ಟ್ 31ರಂದು ನಮ್ಮೂರಿನ ವಿಮಾನ ನಿಲ್ದಾಣ ಇರುವ ಸೋಗಾನೆಗೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು ನೋಡಿ, ಆಮೇಲೆ ಬಂದವರೆಲ್ಲ ಕೇಳೋದು ಒಂದೇ: "ವಿಮಾನದಲ್ಲಿ ಎಷ್ಟೊತ್ತು ಮಾರಾಯ್ರೆ?" ನೆಟ್ಟಿನಲ್ಲಿ ಹುಡುಕಿದರೆ ದೂರ ಒಂದೊಂದು ಕಡೆ ಒಂದೊಂದು ಥರ. ಕೆಲವರು ಊರಿನಿಂದ ಊರಿಗೆ ಅಳೆಯುತ್ತಾರೆ, ಕೆಲವರು ನಿಲ್ದಾಣದಿಂದ ನಿಲ್ದಾಣಕ್ಕೆ. ಹಾಗಾಗಿ ನಾನೇ ಲೆಕ್ಕ ಹಾಕಲು ಕೂತೆ.

ಹೈಸ್ಕೂಲ್ ಗಣಿತ ಸಾಕು. ಮೊಬೈಲ್ ಮ್ಯಾಪಿನಲ್ಲಿ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಸಿಗುತ್ತವೆ. ಸೋಗಾನೆ 13.86, 75.61. ಬೆಂಗಳೂರಿನ ನಿಲ್ದಾಣ ಇರುವ ದೇವನಹಳ್ಳಿ 13.20, 77.71. ಅಕ್ಷಾಂಶದ ವ್ಯತ್ಯಾಸ 0.66 ಡಿಗ್ರಿ. ಡಿಗ್ರಿಗೆ 111 ಕಿ.ಮೀ. ಹಿಡಿದರೆ 73. ರೇಖಾಂಶದ ವ್ಯತ್ಯಾಸ 2.10 ಡಿಗ್ರಿ. ನಮ್ಮ ಭಾಗದಲ್ಲಿ ಅದು ಡಿಗ್ರಿಗೆ 108 ಕಿ.ಮೀ., ಅಂದರೆ 227. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 238 ಕಿ.ಮೀ. ರಸ್ತೆಯಲ್ಲಿ ಹೋದರೆ 300ರ ಹತ್ತಿರ. ದೆಹಲಿಯಷ್ಟು ದೂರಕ್ಕೆ ಈ ಲೆಕ್ಕ ಸಾಲದು, ಭೂಮಿಯ ಬಾಗು ಸೇರಿಸಬೇಕು.

ಹೊತ್ತಿನ ವಿಷಯ ಇಷ್ಟು ಸಲೀಸಲ್ಲ. ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ ವಿಮಾನ ಗಂಟೆಗೆ 500 ಕಿ.ಮೀ. ಹೋಗುತ್ತದೆ. 238ಕ್ಕೆ ಅರ್ಧ ಗಂಟೆಯೂ ಬೇಡ ಅಲ್ವಾ? ಆದರೆ ಟಿಕೆಟ್ಟಿನಲ್ಲಿ ಒಂದು ಗಂಟೆಗೂ ಜಾಸ್ತಿ ಇರುತ್ತದೆ. ಅದು ನಿಂತ ಜಾಗದಿಂದ ಹೊರಟು ಇನ್ನೊಂದು ಕಡೆ ನಿಲ್ಲುವವರೆಗಿನ ಹೊತ್ತು. ರನ್‌ವೇವರೆಗೆ ಉರುಳಬೇಕು, ಬೆಂಗಳೂರಿನಲ್ಲಿ ಸಾಲಿನಲ್ಲಿ ಕಾಯಬೇಕು, ಮೇಲೇರುವಾಗ, ಇಳಿಯುವಾಗ ವೇಗವೂ ಕಡಿಮೆ. ಹಾಗಾಗಿ ಭಾಗಾಕಾರದ ಉತ್ತರಕ್ಕೆ ನಾನು ಅರ್ಧ ಮುಕ್ಕಾಲು ಗಂಟೆ ಸೇರಿಸಿಯೇ ಹೇಳುತ್ತೇನೆ. ಜೆಟ್ ಆದರೆ 500ರ ಬದಲು 800ರಿಂದ ಭಾಗಿಸುತ್ತೇನೆ.

ಇದಕ್ಕೆ ಸೋಗಾನೆಗೆ ಹೋಗುವ ಅರ್ಧ ಗಂಟೆ, ಒಂದು ಗಂಟೆ ಮುಂಚೆ ಮುಚ್ಚುವ ಕೌಂಟರ್, ದೇವನಹಳ್ಳಿಯಿಂದ ಜಯನಗರದವರೆಗಿನ ಟ್ರಾಫಿಕ್ ಸೇರಿಸಿ. ನಾಲ್ಕು ಗಂಟೆ ಆಗಿಯೇ ಹೋಗುತ್ತದೆ. ಜನ ಶತಾಬ್ದಿ ರೈಲು ಐದು ಗಂಟೆಯೊಳಗೆ ಬೆಂಗಳೂರು ಮುಟ್ಟಿಸುತ್ತದೆ, ದುಡ್ಡೂ ಕಡಿಮೆ. ಮಗಳ ಮನೆಗೆ ಹೊರಟವರಿಗೆ ರೈಲೇ ಸಾಕು ಎನ್ನುತ್ತೇನೆ. ಕಮಿಷನ್ ಹೋದರೆ ಹೋಗಲಿ.

ದೇವನಹಳ್ಳಿಯಿಂದಲೇ ದೆಹಲಿಗೋ ದುಬೈಗೋ ಹಾರುವವರ ಕಥೆ ಬೇರೆ. ಅವರಿಗೆ ನಿಜಕ್ಕೂ ಅರ್ಧ ದಿನ ಉಳಿಯುತ್ತದೆ. ಆದರೆ ಜೂನ್, ಜುಲೈನಲ್ಲಿ ಇಲ್ಲಿ ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ ವಿಮಾನ ತಡವಾಗುತ್ತದೆ, ಕೆಲವೊಮ್ಮೆ ರದ್ದೂ ಆಗುತ್ತದೆ. ಅದಕ್ಕೇ ಎರಡೂ ವಿಮಾನ ಒಂದೇ ಬುಕಿಂಗ್ ನಂಬರಿನಲ್ಲಿ, ಅಂದರೆ ಒಂದೇ ಪಿಎನ್‌ಆರ್‌ನಲ್ಲಿ ಇರುವ ಹಾಗೆ ಬುಕ್ ಮಾಡಿಕೊಡುತ್ತೇನೆ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಸೀಟು ಕೊಡಿಸೋದು ಕಂಪನಿಯವರ ತಲೆನೋವು. ಬೇರೆ ಬೇರೆ ಟಿಕೆಟ್ ಬೇಕೇ ಬೇಕು ಎಂದವರಿಗೆ ಮಧ್ಯೆ ನಾಲ್ಕು ಗಂಟೆಯಾದರೂ ಬಿಡಿಸುತ್ತೇನೆ.