ಕಾಫಿ ಬಿಡಬೇಡಿ, ಹೊತ್ತು ನೋಡಿ ಕುಡಿಯಿರಿ

ಗೋಣಿಕೊಪ್ಪದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಮನೆ ಹಿಂದೆ ಸ್ವಲ್ಪ ರೊಬಸ್ಟಾ ತೋಟವೂ ಇದೆ. ಕೌಂಟರಿಗೆ ಬಂದವರು ಜಾಸ್ತಿ ಕೇಳುವ ಪ್ರಶ್ನೆ ಒಂದೇ: "ಅಕ್ಕ, ದಿನಕ್ಕೆ ಎಷ್ಟು ಲೋಟ ಕಾಫಿ ಕುಡೀಬಹುದು?" ಲೋಟದ ಲೆಕ್ಕದಲ್ಲಿ ಉತ್ತರ ಕೊಡುವುದು ಕಷ್ಟ. ಒಬ್ಬರ ಮನೆಯ ಲೋಟ ಇನ್ನೊಬ್ಬರ ಮನೆಯ ಚೊಂಬಿನಷ್ಟಿರುತ್ತದೆ. ಅದಕ್ಕೇ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಪುಡಿ ಯಾವುದು? ಎಷ್ಟು ಹೊತ್ತಿಗೆ ಕುಡಿಯುತ್ತೀರಿ?

ಮೊದಲು ಪುಡಿ. ಪೇಪರಿನಲ್ಲಿ ಬರುವ "ದಿನಕ್ಕೆ ಮೂರು ಕಪ್ ಒಳ್ಳೆಯದು" ಅನ್ನುವ ಮಾತು ಹೆಚ್ಚಾಗಿ ಹೊರದೇಶದ ಅಧ್ಯಯನಗಳಿಂದ ಬಂದದ್ದು. ಅಲ್ಲಿ ಕುಡಿಯುವುದು ಬಹುಪಾಲು ಅರೇಬಿಕಾ. ಸಿದ್ದಾಪುರ, ವಿರಾಜಪೇಟೆ, ಗೋಣಿಕೊಪ್ಪದ ಕಡೆ ನಾವು ಬೆಳೆಯುವುದು ಜಾಸ್ತಿ ರೊಬಸ್ಟಾ, ಮನೆಗೆ ಹುರಿದು ಪುಡಿ ಮಾಡಿಸಿಕೊಳ್ಳುವುದೂ ಅದನ್ನೇ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. ಅಂದರೆ ಅವರ ಮೂರು ಕಪ್ ನಮಗೆ ಒಂದೂವರೆ ಆಗಬಹುದು.

ನಿಮ್ಮ ಮನೆಯ ಲೆಕ್ಕ ಹಾಕಲು ಸುಲಭದ ದಾರಿ ಇದೆ. ಪುಡಿ ತಂದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಗಿದ ದಿನವೂ ಹಾಕಿ. ಅರ್ಧ ಕಿಲೋ ಪುಡಿ ನಾಲ್ಕು ಜನಕ್ಕೆ 10 ದಿನ ಬಂದರೆ ತಲೆಗೆ ದಿನಕ್ಕೆ ಹನ್ನೆರಡೂವರೆ ಗ್ರಾಂ ಆಯಿತು. ಒಂದು ಗ್ರಾಂ ರೊಬಸ್ಟಾ ಪುಡಿಯಲ್ಲಿ ಸುಮಾರು 20 ಮಿಲಿಗ್ರಾಂ ಕೆಫೀನ್ ಅಂತ ಇಟ್ಟುಕೊಳ್ಳಿ, ಅರೇಬಿಕಾ ಆದರೆ 10ರಿಂದ 12. ರೊಬಸ್ಟಾ ಲೆಕ್ಕದಲ್ಲಿ ತಲೆಗೆ 250 ಮಿಲಿಗ್ರಾಂ. ಸ್ವಲ್ಪ ಚರಟದಲ್ಲೇ ಉಳಿಯುವುದರಿಂದ ಹೊಟ್ಟೆಗೆ ಹೋಗುವುದು ಇದಕ್ಕಿಂತ ತುಸು ಕಡಿಮೆ. ಪುಡಿಯಲ್ಲಿ ಚಿಕೋರಿ ಇದ್ದರೆ ಆ ಪಾಲನ್ನು ಕಳೆದುಬಿಡಿ, ಅದರಲ್ಲಿ ಕೆಫೀನ್ ಇಲ್ಲ. ಎಷ್ಟು ಚಿಕೋರಿ ಅಂತ ಪ್ಯಾಕೆಟ್ ಮೇಲೆ ಬರೆದಿರಬೇಕು. ಕಾನೂನಿನ ಪ್ರಕಾರ ಕಾಫಿ ಕನಿಷ್ಠ ಶೇ 51 ಇದ್ದರೆ ಸಾಕು, ಉಳಿದದ್ದೆಲ್ಲ ಚಿಕೋರಿ ಆಗಿರಬಹುದು!

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಸೂಚನೆ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬೇಡಿ ಅನ್ನುತ್ತದೆ. ಯುರೋಪಿನವರು ಆರೋಗ್ಯವಂತ ದೊಡ್ಡವರಿಗೆ 400ರ ತನಕ ಬಿಡುತ್ತಾರೆ. ನಾನು 300ನ್ನೇ ಹೇಳುತ್ತೇನೆ. ನಮ್ಮಲ್ಲಿ ಮಧ್ಯೆ ಮಧ್ಯೆ ಚಹಾವೂ ಇಳಿಯುತ್ತದೆ, ಅದರ ಕೆಫೀನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಸುರಿಯರಿಗೆ 200ರ ಒಳಗೆ. ಬಸುರಿನಲ್ಲಿ ಕೆಫೀನ್ ಮೈಯಿಂದ ಹೊರಹೋಗಲು ತುಂಬ ಹೊತ್ತು ಬೇಕು, ಹಾಗಾಗಿ ರೊಬಸ್ಟಾ ಮನೆಯಲ್ಲಿ ಒಂದು ಲೋಟಕ್ಕೇ ನಿಲ್ಲಿಸುವುದು ವಾಸಿ.

ಈಗ ಹೊತ್ತಿನ ವಿಷಯ. ನನ್ನ ಕೆಲಸವೇ ಅದಾದ್ದರಿಂದ ಮಾತ್ರೆಯಿಂದ ಶುರು ಮಾಡುತ್ತೇನೆ.

ಥೈರಾಯ್ಡ್ ಮಾತ್ರೆಯನ್ನು ಕಾಫಿಯಲ್ಲೇ ನುಂಗುವವರು ಎಷ್ಟು ಜನ ಅಂತೀರಿ! ಎದ್ದ ಕೂಡಲೆ ಕೈಗೆ ಸಿಗುವುದು ಕಾಫಿ ಲೋಟ, ಮಾತ್ರೆಯೂ ಬರಿ ಹೊಟ್ಟೆಯದು, ಎರಡನ್ನೂ ಒಟ್ಟಿಗೆ ಮುಗಿಸಿಬಿಡುತ್ತಾರೆ. ಕಾಫಿ ಜೊತೆ ಹೋದ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಏರುಪೇರು ಬರುತ್ತದೆ, ಡಾಕ್ಟರು ಡೋಸ್ ಏರಿಸುತ್ತಾರೆ. ಮಾತ್ರೆಗೆ ಬರೀ ನೀರು. ಕಾಫಿಗೆ ಅರ್ಧ ಗಂಟೆಯಾದರೂ ಕಾಯಿರಿ, ಒಂದು ಗಂಟೆ ಆದರೆ ಇನ್ನೂ ಒಳ್ಳೆಯದು. ಮಾತ್ರೆಯನ್ನು ತಲೆದಿಂಬಿನ ಹತ್ತಿರ ಇಟ್ಟುಕೊಳ್ಳಿ. ಎದ್ದು ನುಂಗಿ, ಮುಖ ತೊಳೆದು, ಅಂಗಳ ಗುಡಿಸಿ ಬರುವಷ್ಟರಲ್ಲಿ ಹೊತ್ತಾಗಿರುತ್ತದೆ.

ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ಇದಕ್ಕಿಂತ ಕಟ್ಟುನಿಟ್ಟು. ಕಾಫಿ ಜೊತೆ ನುಂಗಿದರೆ ಮೈಗೆ ಹತ್ತುವುದು ಸುಮಾರು ಶೇ 60 ಕಡಿಮೆಯಾಗುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಕೋರ್ಸ್ ತೆಗೆದುಕೊಳ್ಳುವಾಗ ಎದೆ ಡವಡವ ಅನ್ನುತ್ತದೆ ಅಂತ ಬರುವವರಿಗೆ ಕಾಫಿ ಎಷ್ಟು ಅಂತ ಕೇಳಿ ನೋಡುತ್ತೇನೆ. ಆ ಮಾತ್ರೆ ಕೆಫೀನ್ ಕರಗುವುದನ್ನು ತಡೆಯುತ್ತದೆ, ಎಂದಿನ ಎರಡು ಲೋಟವೇ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ದಮ್ಮಿಗೆ ಥಿಯೋಫಿಲಿನ್ ತೆಗೆದುಕೊಳ್ಳುವವರೂ ಹುಷಾರು. ಅದು ಕೆಫೀನಿನ ಹತ್ತಿರದ ನೆಂಟ, ಎರಡೂ ಸೇರಿದರೆ ಕೈ ನಡುಗುತ್ತದೆ. ಇನ್ನು ಬಿಪಿ ನೋಡಿಸಲು ಹೋಗುವ ಮುಂಚೆ ಅರ್ಧ ಗಂಟೆ ಕಾಫಿ ಬೇಡ. ಬಸ್ ಸ್ಟ್ಯಾಂಡಿನಲ್ಲಿ ಒಂದು ಲೋಟ ಕುಡಿದು ಸೀದಾ ಬಂದು ಕೈ ಚಾಚಬೇಡಿ.

ಊಟದ ವಿಷಯ ಹೆಂಗಸರು ಸ್ವಲ್ಪ ಗಮನ ಕೊಟ್ಟು ಓದಬೇಕು. ತೋಟದ ಕೆಲಸಕ್ಕೆ ಹೋಗುವವರಲ್ಲಿ ರಕ್ತ ಕಡಿಮೆ ಇರುವವರು ತುಂಬ ಜನ. ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ತಿಂದರೂ ಏರುವುದಿಲ್ಲ ಅನ್ನುತ್ತಾರೆ. ಕೇಳಿದರೆ ಅಕ್ಕಿ ರೊಟ್ಟಿ ತಿಂದ ಕೈಯಲ್ಲೇ ಕಾಫಿ. ಕಾಫಿಯಲ್ಲಿರುವ ಒಗರು ಅಂಶ ಊಟದ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. 1983ರ ಒಂದು ಅಧ್ಯಯನದಲ್ಲಿ ಊಟದ ಜೊತೆ ಕಾಫಿ ಕುಡಿದವರಿಗೆ ಕಬ್ಬಿಣ ಹತ್ತಿದ್ದು ಶೇ 39 ಕಡಿಮೆ. ಒಂದು ಗಂಟೆ ಮೊದಲೇ ಕುಡಿದಾಗ ಏನೂ ತೊಂದರೆ ಇರಲಿಲ್ಲ. ಒಂದು ಗಂಟೆ ಬಿಟ್ಟು ಕುಡಿದಾಗ ಮಾತ್ರ ಜೊತೆಗೆ ಕುಡಿದಷ್ಟೇ ನಷ್ಟ. ಹಾಗಾಗಿ ಬೆಳಿಗ್ಗೆ ಆರಕ್ಕೆ ಕಾಫಿ, ಏಳೂವರೆಗೆ ತಿಂಡಿ ಅನ್ನುವ ನಮ್ಮ ಹಳೆಯ ಕ್ರಮ ಪರವಾಗಿಲ್ಲ. ತಿಂಡಿ ಮೇಲಿನ ಎರಡನೇ ಲೋಟವನ್ನು ಹತ್ತು ಗಂಟೆಗೆ ಸರಿಸಿ. ಕಬ್ಬಿಣದ ಮಾತ್ರೆಗೆ ನಿಂಬೆ ಶರಬತ್ತೋ ಕಿತ್ತಳೆಯೋ ಜೊತೆ ಇರಲಿ.

ಬರಿ ಹೊಟ್ಟೆಗೆ ಕುಡಿದರೆ ಎದೆಯುರಿ ಬರುತ್ತದೆ ಅನ್ನುವವರು ಮೊದಲು ಒಂದು ಬಾಳೆಹಣ್ಣು ತಿಂದು ನೋಡಿ. ಕೆಲವರಿಗೆ ಏನೂ ಆಗುವುದಿಲ್ಲ, ಅವರು ಸುಮ್ನೆ ತಲೆ ಕೆಡಿಸಿಕೊಳ್ಳುವುದು ಬೇಡ. ತಿಂಗಳುಗಟ್ಟಲೆ ನನ್ನ ಹತ್ತಿರ ಗ್ಯಾಸ್ಟ್ರಿಕ್ ಮಾತ್ರೆ ಒಯ್ಯುವ ಬದಲು ಡಾಕ್ಟರಿಗೆ ತೋರಿಸಿ. ಇದರಿಂದ ನನಗೆ ವ್ಯಾಪಾರ ಕಡಿಮೆ, ಇರಲಿ.

ನಿದ್ದೆಗೆ ಬರೋಣ. ನಮಗೆ ದಣಿವು ತಿಳಿಸುವ ಅಡೆನೊಸಿನ್ ಅನ್ನುವ ವಸ್ತುವಿನ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ದಣಿವು ಇದ್ದೇ ಇರುತ್ತದೆ, ಗೊತ್ತಾಗುವುದಿಲ್ಲ ಅಷ್ಟೆ. ಕುಡಿದದ್ದರಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಲೋಟದ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. "ನಂಗೆ ಕಾಫಿ ಕುಡಿದೇ ನಿದ್ದೆ ಬರೋದು" ಅನ್ನುವವರಿಗೂ ಆಳದ ನಿದ್ದೆ ಕಡಿಮೆಯಾಗುತ್ತದೆ. ಒಂಬತ್ತಕ್ಕೆ ಮಲಗುವ ಮನೆಯಲ್ಲಿ ಮಧ್ಯಾಹ್ನ ಎರಡರ ಲೋಟವೇ ಕೊನೆಯದಾಗಲಿ. ಗದ್ದೆಗೆ ಆನೆ ಬರುತ್ತದೆ ಅಂತ ರಾತ್ರಿ ಕಾವಲು ಕೂರುವವರಿಗೆ ಈ ಮಾತು ಹೇಳಲಾರೆ, ಅವರಿಗೆ ಎಚ್ಚರ ಬೇಕೇ ಬೇಕು. ಅವರು ಕಾವಲಿನ ಮೊದಲರ್ಧದಲ್ಲೇ ಕುಡಿದು ಮುಗಿಸಿದರೆ ಬೆಳಿಗ್ಗೆ ಕಣ್ಣು ಮುಚ್ಚಬಹುದು. ಸಂಜೆ ಯಾರ ಮನೆಗೆ ಹೋದರೂ ಕಾಫಿ ಬೇಡ ಅನ್ನಲು ಆಗುವುದಿಲ್ಲ, ಅಲ್ವಾ? ನಾನು "ಡಿಕಾಕ್ಷನ್ ಒಂದು ಚಮಚ, ಉಳಿದದ್ದು ಹಾಲು" ಅಂತ ಅಡುಗೆಮನೆಗೇ ಹೋಗಿ ಹೇಳಿ ಬರುತ್ತೇನೆ.

ಬೆಲ್ಲದ ಕಾಫಿ ಬಗ್ಗೆ ಎರಡು ಮಾತು. ಇದಕ್ಕೆ ಪುಡಿಯನ್ನು ನೀರಲ್ಲೇ ಕುದಿಸುತ್ತೇವೆ. ಹಾಗೆ ಕುದಿಸಿದಾಗ ಕೆಫೆಸ್ಟಾಲ್ ಅನ್ನುವ ಎಣ್ಣೆ ಅಂಶ ಕಾಫಿಗೆ ಇಳಿಯುತ್ತದೆ. ಅದು ಕೆಟ್ಟ ಕೊಲೆಸ್ಟ್ರಾಲನ್ನು, ಅಂದರೆ ಎಲ್‌ಡಿಎಲ್ ಅನ್ನು ಏರಿಸುತ್ತದೆ. ಕಾಗದದ ಫಿಲ್ಟರಿನಲ್ಲಿ ಸೋಸಿದರೆ ಬಹುಪಾಲು ಅಲ್ಲೇ ನಿಲ್ಲುತ್ತದೆ. ರೊಬಸ್ಟಾದಲ್ಲಿ ಇದು ಅರೇಬಿಕಾಕ್ಕಿಂತ ಕಡಿಮೆ, ನಮ್ಮ ತೋಟದ ಪರವಾಗಿ ಇಷ್ಟಾದರೂ ಹೇಳಬೇಕು. ಕೊಲೆಸ್ಟ್ರಾಲ್ ಇಲ್ಲದವರು ಆರಾಮಾಗಿ ಕುಡಿಯಲಿ. ಇದ್ದವರು ದಿನದ ಕಾಫಿಯನ್ನು ಸೋಸಿ ಕುಡಿದು, ಬೆಲ್ಲದ ಕಾಫಿಯನ್ನು ಮಳೆ ಹಿಡಿದ ದಿನಕ್ಕೆ ಇಟ್ಟುಕೊಳ್ಳಲಿ. ಶುಗರ್ ಇದ್ದವರು ಬೆಲ್ಲ ಆದ್ದರಿಂದ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ರಕ್ತದಲ್ಲಿ ಬೆಲ್ಲವೂ ಸಕ್ಕರೆಯೇ.

ಜೂನ್, ಜುಲೈ ಚಳಿಗೆ ಒಲೆಯಿಂದ ಇಳಿಸಿದ್ದನ್ನೇ ಬಾಯಿಗಿಡುವ ಅಭ್ಯಾಸ ಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಕಾಫಿಯನ್ನು ಅನುಮಾನದ ಪಟ್ಟಿಯಿಂದ ಕೈಬಿಟ್ಟಿತು. ಆದರೆ 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣ ಆಗಬಹುದು ಎಂದಿತು. ಲೋಟದಿಂದ ಲೋಟಕ್ಕೆ ನಾಲ್ಕು ಸಲ ಎತ್ತಿ ಹೊಯ್ಯಿರಿ, ತುಟಿ ಸುಡದಿದ್ದರೆ ಕುಡಿಯಿರಿ.

ದಿನಾ ಮಿತದಲ್ಲಿ ಕಾಫಿ ಕುಡಿಯುವವರಿಗೆ ಎರಡನೇ ಬಗೆಯ ಸಕ್ಕರೆ ಕಾಯಿಲೆ, ಲಿವರ್ ಕಾಯಿಲೆ, ಪಾರ್ಕಿನ್ಸನ್ ಕಡಿಮೆ ಅಂತ ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಕಾಫಿಯಿಂದಲೇ ಹಾಗಾಯಿತು ಅಂತ ಸಾಬೀತಾಗಿಲ್ಲ. ಕುಡಿಯದವರು ಔಷಧಿ ಅಂತ ಶುರು ಮಾಡುವುದು ಬೇಡ. ಕುಡಿಯುವವರು ಹೆದರುವುದೂ ಬೇಡ.

ಕಡಿಮೆ ಮಾಡಲೇಬೇಕಾದರೆ ಒಂದೇ ದಿನ ನಿಲ್ಲಿಸಬೇಡಿ. ನಿಲ್ಲಿಸಿದ 12ರಿಂದ 24 ಗಂಟೆಯೊಳಗೆ ತಲೆನೋವು ಹಿಡಿಯುತ್ತದೆ, ವಾರದ ತನಕ ಕಾಡಬಹುದು. ಮೊದಲ ವಾರ ಕೊನೆಯ ಲೋಟವನ್ನು ಅರ್ಧ ಮಾಡಿ, ಎರಡನೇ ವಾರ ಪೂರ್ತಿ ಬಿಡಿ. ಆಮೇಲೆ ಅದರ ಹಿಂದಿನ ಲೋಟಕ್ಕೆ ಕೈ ಹಾಕಿ. ಮಧ್ಯೆ ತಲೆನೋವು ಬಂದು ಮಾತ್ರೆ ಕೊಳ್ಳುವುದಾದರೆ ಪಟ್ಟಿಯ ಹಿಂಭಾಗ ಓದಿ. ತಲೆನೋವಿನ ಕೆಲವು ಮಾತ್ರೆಗಳಲ್ಲಿ ಕೆಫೀನ್ ಸೇರಿಸಿರುತ್ತಾರೆ. "ಕಾಫಿ ಬಿಟ್ಟೆ ಅಕ್ಕ, ಆ ಮಾತ್ರೆ ಒಂದಿದ್ದರೆ ಸಾಕು" ಅಂತ ದಿನಾ ಬರುವವರಿಗೆ ನಾನು ಬರೀ ಪ್ಯಾರಾಸಿಟಮಾಲ್ ಕೊಟ್ಟು ಕಳಿಸುತ್ತೇನೆ.