ಡೊಮಿನಿಕನ್ ಹಳ್ಳಿಗೆ ಹೊರಟವರು ನೀರಿನ ಡ್ರಮ್ ಕಡೆ ಗಮನ ಕೊಡಿ

ಡೊಮಿನಿಕನ್ ರಿಪಬ್ಲಿಕ್‌ನ ಹಳ್ಳಿಗೆ ಸ್ವಯಂಸೇವಕರಾಗಿ ಹೋಗುವವರು ಸ್ಪ್ಯಾನಿಷ್ ಬಗ್ಗೆ ತಲೆಕೆಡಿಸಿಕೊಂಡಷ್ಟೇ ನೀರಿನ ಬಗ್ಗೆಯೂ ಯೋಚಿಸಿ. ಎಷ್ಟೋ ಹಳ್ಳಿಗಳಲ್ಲಿ ನಲ್ಲಿ ನೀರು ದಿನಾ ಬರಲ್ಲ. ಬಂದಾಗ ಡ್ರಮ್‌ಗಳಲ್ಲಿ ತುಂಬಿಟ್ಟು, ಸ್ನಾನಕ್ಕೂ ಪಾತ್ರೆಗೂ ಮಗ್ಗಿನಲ್ಲಿ ಮೊಗೆದು ಬಳಸಬೇಕು. ಕುಡಿಯೋಕೆ ಮಾತ್ರ ಅಂಗಡಿಯ ಕ್ಯಾನ್ ನೀರೇ ಇರಲಿ.

ಡ್ರಮ್ ಮುಚ್ಚಿಟ್ಟರೆ ಸಾಕು ಅಂದುಕೊಳ್ಳಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಅಂಟಿಸೋದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಡ್ರಮ್ಮಿನ ಒಳಗೋಡೆಗೆ. ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಸಾಯಲ್ಲ, ಮತ್ತೆ ನೀರು ತುಂಬಿದಾಗ ಮರಿಯಾಗುತ್ತವೆ. ಅದಕ್ಕೇ ಅಲ್ಲಿನ ಮನೆಗಳಲ್ಲಿ ವಾರಕ್ಕೊಮ್ಮೆ ಬ್ಲೀಚನ್ನು ಸ್ಪಂಜಿನಿಂದ ಒಳಗೋಡೆಗೆಲ್ಲ ಬಳಿದು, ಸುಮಾರು 15 ನಿಮಿಷ ಬಿಟ್ಟು, ಉಜ್ಜಿ ತೊಳೆಯುತ್ತಾರೆ. ನೀವೂ ಮಾಡಿ, ಗ್ಲೌಸ್ ಹಾಕಿಕೊಂಡು. ಇದರಷ್ಟು ಅಗ್ಗದ, ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ. ಸೊಳ್ಳೆ ಪರದೆಯನ್ನೂ ಒಯ್ಯಿರಿ.

ಕರೆಂಟ್ ಆಗಾಗ ಹೋಗುತ್ತೆ, ಇದ್ದಾಗಲೂ 110 ವೋಲ್ಟ್. ಫೋನ್ ಚಾರ್ಜರ್ ನಡೆಯುತ್ತೆ, ಊರಿನ ಮಿಕ್ಸಿ, ಕೆಟಲ್ ಬೇಡ. ಪವರ್ ಬ್ಯಾಂಕ್, ಟಾರ್ಚ್ ಕೈಗೆಟುಕುವ ಹಾಗಿರಲಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಮಧ್ಯಾಹ್ನದ ಊಟ ಸಾಮಾನ್ಯವಾಗಿ ಅನ್ನ, ಹುರುಳಿಕಾಯಿ ಜಾತಿಯ ಕಾಳಿನ ಗೊಜ್ಜು, ಮಾಂಸ. ಕಾಳು ತಿಂದು ಹೊಟ್ಟೆ ತುಂಬಿಸಿಕೊಳ್ಳಬಹುದು, ಆದರೆ ಅದಕ್ಕೂ ಚಿಕನ್ ಸಾರಿನ ಕ್ಯೂಬ್ ಹಾಕುವುದುಂಟು. ಮನೆಯವರಿಗೆ ಮೊದಲ ದಿನವೇ ಪ್ರೀತಿಯಿಂದ ಹೇಳಿಬಿಡಿ. ಅವರು ಕೊಡುವ ಕಾಫಿಯನ್ನು ಮಾತ್ರ ಬೇಡ ಅನ್ನಬೇಡಿ.